ವಿಶಾಲಮ್ಮನ ಪೂರ್ತಿ ಪಿಚ್ಚರು

ತುಮರಿ ಕಡೆಯ ವಿಶಾಲಮ್ಮ ಮದುವೆಯಾಗಿ ಬಂದಂದಿನಿಂದ ಸಾಗರದ ಟಾಕೀಸಿನಲ್ಲಿ ಕಂಡ ಪಿಚ್ಚರುಗಳಿಗೆ ಲೆಕ್ಕವಿಲ್ಲ. ಆದರೆ ಅವುಗಳಲ್ಲಿ ಒಂದರ ಕೊನೆಯನ್ನೂ ಅವಳು ಕಂಡವಳಲ್ಲ.

ಇದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಊರು ಹಿನ್ನೀರಿನ ಆಚೆ. ಸಾಗರದಿಂದ ಬಸ್ಸು ಹಿಡಿದು ಹೊಳೆಬಾಗಿಲಿಗೆ ಬಂದು, ಅಲ್ಲಿಂದ ಲಾಂಚು ಹತ್ತಿ ನೀರು ದಾಟಿದರೆ ಮನೆಯ ದಾರಿ. ಸಂಜೆಯ ಕಡೇ ಲಾಂಚು ಹೊರಟುಹೋಯಿತೋ, ದಡದಲ್ಲಿ ಕೂತು ಎದುರು ದಡದ ದೀಪ ನೋಡುತ್ತಿರಬೇಕು, ಇಲ್ಲವೇ ಸಾಗರಕ್ಕೆ ವಾಪಸು ಹೋಗಿ ಯಾರಾದರೂ ನೆಂಟರ ಜಗಲಿ ಹುಡುಕಬೇಕು. ಮ್ಯಾಟ್ನಿ ಶುರುವಾಗುವುದೇ ಊಟದ ಹೊತ್ತು ಕಳೆದ ಮೇಲೆ. ಪೂರ್ತಿ ಕೂತರೆ ಲಾಂಚಿಗೆ ಹೋಗುವ ಬಸ್ಸು ತಪ್ಪಿದಂತೆಯೇ. ಹಾಗಾಗಿ ಪರದೆಯ ಮೇಲೆ ಹೀರೋ ತೋಳು ಮಡಚಿ ಮೊದಲನೆಯ ಏಟು ಎತ್ತುವ ಹೊತ್ತಿಗೆ ಸರಿಯಾಗಿ ಅವಳ ಗಂಡ ರಾಮಚಂದ್ರಪ್ಪ ಪಕ್ಕೆಗೆ ತಿವಿಯುತ್ತಿದ್ದ.

"ಏಳೇ, ಲಾಂಚು."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕತ್ತಲಲ್ಲಿ ಜನರ ಮೊಣಕಾಲು ದಾಟಿ, ಬೈಸಿಕೊಂಡು ಹೊರಗೆ ಬರುತ್ತಿದ್ದಳು. ಬಿಸಿಲಿಗೆ ಕಣ್ಣು ಮುಚ್ಚಿಹೋಗುತ್ತಿತ್ತು. ಗೋಡೆಯ ಆಚೆಯಿಂದ ಹೊಡೆದಾಟದ ಸದ್ದು ರಸ್ತೆಗೆಲ್ಲ ಕೇಳುತ್ತಿತ್ತು. ಯಾರು ಹೊಡೆದರು, ಯಾರು ಬಿದ್ದರು ಎಂದು ಕಿವಿಯಲ್ಲೇ ಅಂದಾಜು ಹಾಕುತ್ತ ಇಬ್ಬರೂ ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದರು. ಅವಳು ಕಣ್ಣಾರೆ ಕಂಡ ಮಟ್ಟಿಗೆ ಹೇಳುವುದಾದರೆ, ಲೋಕದ ಎಲ್ಲ ಪಿಚ್ಚರುಗಳಲ್ಲೂ ಕೇಡಿಗರೇ ಗೆದ್ದಿದ್ದರು.

ಉಳಿದ ಕಥೆ ಲಾಂಚಿನ ಮೇಲೆ ಮುಗಿಯಬೇಕಿತ್ತು. ಯಾರು ಮಾಡಿದ ಪದ್ಧತಿಯೋ, ಯಾವಾಗಿನಿಂದಲೋ, ಸಾಗರದಲ್ಲಿ ಪಿಚ್ಚರು ನೋಡಿ ಕಡೇ ಲಾಂಚು ಹತ್ತಿದವರೆಲ್ಲ ಕಥೆಯನ್ನು ಎಲ್ಲಿ ಬಿಟ್ಟು ಬಂದಿದ್ದರೋ ಅಲ್ಲಿಂದ ಎತ್ತಿಕೊಳ್ಳುತ್ತಿದ್ದರು. ನೋಡಿದವರಷ್ಟೇ ಅಲ್ಲ, ನೋಡದವರೂ ಬಾಯಿ ಹಾಕುತ್ತಿದ್ದರು. ಜೀಪಿನ ಬಾನೆಟ್ಟಿಗೆ ಒರಗಿದವರು, ಮೀನಿನ ಬುಟ್ಟಿ ಪಕ್ಕದಲ್ಲಿಟ್ಟುಕೊಂಡವರು, ಸಿಗಂದೂರಿಗೆ ಹರಕೆ ಹೊತ್ತು ಬಂದ ಪರ ಊರಿನವರು, ಎಲ್ಲರಿಗೂ ಹಕ್ಕಿತ್ತು. ಒಂದೇ ಕಟ್ಟು: ಲಾಂಚು ಆಚೆ ದಡ ಮುಟ್ಟುವುದರೊಳಗೆ ಕೊನೆ ತೀರ್ಮಾನವಾಗಬೇಕು. ಆಮೇಲೆ ಎಲ್ಲರೂ ಅವರವರ ದಾರಿ ಹಿಡಿಯುವವರು. ಒಂದು ಸಲ ವಾದ ಮುಗಿಯಲಿಲ್ಲವೆಂದು ಲಾಂಚಿನ ಡ್ರೈವರು ದಡಕ್ಕೆ ಒಂದು ಮಾರು ಇರುವಾಗ ಎಂಜಿನ್ ಇಳಿಸಿ, "ಆ ಹುಡುಗಿದು ಎಂತ ಆಯ್ತು ಅಂತ ಹೇಳಿ ಇಳೀರಿ" ಎಂದು ನಿಲ್ಲಿಸಿಯೇಬಿಟ್ಟಿದ್ದ.

ರಾಮಚಂದ್ರಪ್ಪನದು ಯಾವಾಗಲೂ ಒಂದೇ ಮಾತು: "ಸೇರ್ತಾರೆ ಬಿಡೇ."

ವಿಶಾಲಮ್ಮನಿಗೆ ಅದು ಒಪ್ಪಿಗೆಯಾಗುತ್ತಿರಲಿಲ್ಲ. "ಎಲ್ರೂ ಸೇರಿಬಿಟ್ರೆ ಅದು ಕಥೆಯಾ? ನೆಂಟರ ಮನೆ ಊಟ ಆಯ್ತು. ಒಬ್ರಾದ್ರೂ ಸಾಯ್ಬೇಕು."

"ನಿನ್ನ ಕೈಲಿ ಕೊಟ್ರೆ ಒಂದು ಪಿಚ್ಚರಲ್ಲೂ ಒಂದು ನರಪಿಳ್ಳೆ ಉಳಿಯಾದಿಲ್ಲ ಮಾರಾಯ್ತಿ!"

ಲಾಂಚೆಲ್ಲ ನಗುತ್ತಿತ್ತು. ಬಹುಮತ ಯಾವಾಗಲೂ ಅವನ ಕಡೆಗೇ. ದಿನವಿಡೀ ಗೇಣಿ ಗದ್ದೆಯಲ್ಲಿ ದುಡಿದು, ಆಮೇಲೆ ಅದೇ ಗದ್ದೆ ಸ್ವಂತದ್ದಾದ ಮೇಲೂ ಅಷ್ಟೇ ದುಡಿದ ಮನುಷ್ಯ. ಪಿಚ್ಚರಿನ ಜನರನ್ನಾದರೂ ಸುಖವಾಗಿಡೋಣ ಎಂದು ಅವನಿಗೆ ಅನಿಸುತ್ತಿತ್ತೋ ಏನೋ.

ಮದುವೆಗೆ ಮುಂಚೆ ಅವನು ಸಾಗರದಲ್ಲಿ ಸೋದರಮಾವನ ಮನೆಯಲ್ಲಿ ಉಳಿದು ಒಂದೇ ಒಂದು ಪಿಚ್ಚರನ್ನು ಪೂರ್ತಿ ನೋಡಿದ್ದನಂತೆ. ಅದರ ಕಥೆ ಅವನಿಗೆ ಮರೆತೇಹೋಗಿತ್ತು. ನೆನಪಿದ್ದದ್ದು ಮುಗಿದ ಗಳಿಗೆ ಮಾತ್ರ. "ಪಟ್ ಅಂತ ಲೈಟ್ ಹತ್ತುತ್ತೆ ಕಣೆ. ಎಲ್ಲರೂ ಒಟ್ಟಿಗೇ ಏಳ್ತಾರೆ. ಅತ್ತಿದ್ದೋರು ಯಾರೂ ಯಾರ ಮುಖಾನೂ ನೋಡಾದಿಲ್ಲ. ಸುಮ್ನೆ ಒಬ್ಬರ ಹಿಂದೆ ಒಬ್ರು ಹೋಗ್ತಾರೆ, ಪೂಜೆ ಮುಗಿಸಿ ಹೊರಗೆ ಬಂದಂಗೆ."

ಇದನ್ನು ಎಷ್ಟು ಸಲ ಕೇಳಿದರೂ ವಿಶಾಲಮ್ಮನಿಗೆ ಸಾಕಾಗುತ್ತಿರಲಿಲ್ಲ. ಟಿ.ವಿ. ಬಂದ ಮೇಲೆ ಕೊನೆಗಳೇನೋ ಕಂಡವು, ಆದರೆ ಟಿ.ವಿ. ಮುಂದೆ ಯಾರೂ ಒಟ್ಟಿಗೆ ಏಳುವುದಿಲ್ಲ. ಒಬ್ಬರು ಹಾಲು ಕರೆಯಲು ಎದ್ದರೆ ಇನ್ನೊಬ್ಬರು ಅನ್ನದ ಗಂಜಿ ಬಗ್ಗಿಸಲು ಏಳುತ್ತಾರೆ. ಅವಳಿಗೆ ಬೇಕಿದ್ದದ್ದು ಆ ಲೈಟು, ಆ ಏಳುವುದು.

ಹಿನ್ನೀರಿನಲ್ಲಿ ಸೇತುವೆಯ ಕಂಬಗಳು ಎದ್ದಾಗ ಲಾಂಚಿನಿಂದ ಅವನ್ನು ನೋಡಿ ರಾಮಚಂದ್ರಪ್ಪ ಹೇಳಿದ್ದ, "ಇದೊಂದು ಮುಗೀಲಿ, ನಿಂಗೊಂದು ಪೂರ್ತಿ ಪಿಚ್ಚರು ತೋರಿಸ್ತೀನಿ." ಕಂಬಗಳು ಸೇತುವೆಯಾದವು. ನೋಡಲು ಅವನಿರಲಿಲ್ಲ.

ಸೇತುವೆ ಶುರುವಾದ ಮೇಲೆ ಬಸ್ಸು ನೀರಿನ ಮೇಲೇ ಸರ್‍ರನೆ ಹೋಗಿ ಬರತೊಡಗಿತು. ಸುತ್ತಲಿನವರೆಲ್ಲ ಸಾಗರಕ್ಕೆ ಹೋಗಿ ಹೊತ್ತು ಮುಳುಗಿದ ಮೇಲೆ ಬರುವುದನ್ನೇ ಒಂದು ಹಬ್ಬ ಮಾಡಿಕೊಂಡರು. ವಿಶಾಲಮ್ಮ ಮಾತ್ರ ಹೋಗಲಿಲ್ಲ. ಅವಳ ವಾರಗಿತ್ತಿ ಬೆಳ್ಳಮ್ಮ, ಪಕ್ಕದ ಮನೆಯವಳು, ಹಳೆಯ ಪಿಚ್ಚರುಗಳಿಗೆಲ್ಲ ಜೊತೆಗೆ ಬಂದು ಜೊತೆಗೇ ಎದ್ದು ಓಡಿದವಳು, ವಾರಕ್ಕೊಂದು ಸಲ ಪೀಡಿಸುತ್ತಿದ್ದಳು.

"ಅಕ್ಕಾ, ಹೊಡೆದಾಟದ್ದೊಂದು ಬಂದದೆಯಂತೆ, ಹೋಗಾಣನ?"

"ಬ್ಯಾಡ. ಮೊದಲ್ನೇ ಪೂರ್ತಿ ಪಿಚ್ಚರು ಕಚಡಾ ಆಗಬಾರ್ದು. ಇಷ್ಟು ವರ್ಷ ಕಾದಿದೀನಿ, ಒಳ್ಳೇದೇ ಆಗ್ಬೇಕು."

ಮದುವೆಗೆ ಹುಡುಗಿ ಹುಡುಕಿದ ಹಾಗೆ ಹುಡುಕುತ್ತಿದ್ದಾಳೆ ಎಂದು ಬೆಳ್ಳಮ್ಮ ಊರಿಗೆಲ್ಲ ಸಾರಿದಳು.

ಕೊನೆಗೆ ಸುದ್ದಿ ತಂದವಳು ಸೌಜನ್ಯ. ಮಗಳ ಮಗಳು, ಸಾಗರದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುವವಳು. ಒಂದು ಶನಿವಾರ ಫೋನು ಮಾಡಿದಳು. "ಅಜ್ಜೀ, ನಿನ್ನ ಪಿಚ್ಚರು ಸಿಕ್ತು. ಎಂಥೆಂಥಾ ದೇಶದಲ್ಲೆಲ್ಲ ಪ್ರಶಸ್ತಿ ಬಂದಿದೆ ಗೊತ್ತಾ? ಪೇಪರಿನವರು ಐದಕ್ಕೆ ಐದು ನಕ್ಷತ್ರ ಕೊಟ್ಟಿದಾರೆ."

"ನಕ್ಷತ್ರ ಇರ್ಲಿ. ಕೊನೆ ಹೆಂಗದೆ?"

"ಅದನ್ನೇ ಅಜ್ಜಿ ಎಲ್ಲರೂ ಹೊಗಳಿರೋದು! 'ಇಂಥ ಕೊನೆ ಕನ್ನಡದಲ್ಲಿ ಬಂದೇ ಇಲ್ಲ' ಅಂತ ಬರೆದಿದಾರೆ."

ವಿಶಾಲಮ್ಮ ಮತ್ತೆ ಏನನ್ನೂ ಕೇಳಲಿಲ್ಲ. ಮುಂದಿನ ಶನಿವಾರ ಮದುವೆಗಳಿಗೆಂದು ಎತ್ತಿಟ್ಟಿದ್ದ ಸೀರೆ ಉಟ್ಟಳು. ಸೇವಂತಿಗೆ ಮುಡಿದಳು. ಗಂಡನ ಫೋಟೋದ ಮುಂದೆ ನಿಂತು, "ಹೋಗಿ ಬರ್ತೀನಿ. ಇವತ್ತು ತಿವಿಯಾಕೆ ಯಾರೂ ಇಲ್ಲ" ಎಂದಳು. ಬೆಳ್ಳಮ್ಮ ಚೀಲದಲ್ಲಿ ಚಕ್ಕುಲಿ ತುಂಬಿಕೊಂಡು ಬಂದಳು. ಸಾಗರದಲ್ಲಿ ಸೌಜನ್ಯ ಟಿಕೆಟ್ಟು ಹಿಡಿದು ಟಾಕೀಸಿನ ಬಾಗಿಲಲ್ಲೇ ಕಾಯುತ್ತಿದ್ದಳು.

ಟಾಕೀಸಿನಲ್ಲಿ ಜನವೇ ಇರಲಿಲ್ಲ. ಅಲ್ಲೊಬ್ಬ ಇಲ್ಲೊಬ್ಬ. ಮುಂದಿನ ಸಾಲಿನಲ್ಲಿ ಗಡ್ಡ ಬಿಟ್ಟ ಹುಡುಗನೊಬ್ಬ ಕೈಕಟ್ಟಿ ಕೂತಿದ್ದ. "ಇಷ್ಟು ಒಳ್ಳೇ ಪಿಚ್ಚರಿಗೆ ಇಷ್ಟೇ ಜನವಾ?" ಎಂದಳು ಬೆಳ್ಳಮ್ಮ. "ಒಳ್ಳೇದು ಅಂತ ಗೊತ್ತಾಗ್ಬೇಕಲ್ಲೇ" ಎಂದಳು ವಿಶಾಲಮ್ಮ ದೊಡ್ಡ ರಸಿಕಳ ಹಾಗೆ.

ಪಿಚ್ಚರು ಶುರುವಾಯಿತು. ಒಂದು ಮನೆ. ಅದರಲ್ಲಿ ಒಬ್ಬ ಅಕ್ಕ. ಅವಳ ತಮ್ಮ ಏನೋ ಮಾತಿಗೆ ಮಾತು ಬೆಳೆದು ಎದ್ದುಹೋಗಿದ್ದಾನೆ, ವರ್ಷಗಳೇ ಆಗಿವೆ. ಅಕ್ಕ ದಿನಾ ಸಂಜೆ ಎರಡು ತಟ್ಟೆ ಇಡುತ್ತಾಳೆ, ಒಂದರಲ್ಲಿ ಉಣ್ಣುತ್ತಾಳೆ, ಎರಡನ್ನೂ ತೊಳೆಯುತ್ತಾಳೆ. ಇಷ್ಟೇ. ಮಾತಿಲ್ಲ, ಪದ್ಯವಿಲ್ಲ. ಅಕ್ಕ ಮೊರದಲ್ಲಿ ಅಕ್ಕಿ ಆರಿಸಲು ಕೂತಳು. ಆರಿಸಿದಳು. ಇನ್ನೂ ಆರಿಸಿದಳು.

"ಇಷ್ಟೊತ್ತಿಗೆ ನಾನಾಗಿದ್ರೆ ಒಂದು ಮೂಟೆ ಹಸನು ಮಾಡಿ ಅನ್ನಾನೂ ಮಾಡ್ತಿದ್ದೆ" ಎಂದು ಬೆಳ್ಳಮ್ಮ ಪಿಸುಗುಟ್ಟಿದಳು.

"ಸುಮ್ನಿರು. ಕೊನೆ ಬರ್ಲಿ."

ಆಮೇಲೆ ಹಸುವಿನ ಕಿವಿ ಬಂತು. ಬರೀ ಕಿವಿ. ಅದರ ಮೇಲೊಂದು ನೊಣ. ನೊಣ ಹಾರಿತು, ಮತ್ತೆ ಕೂತಿತು. ಬೆಳ್ಳಮ್ಮ ಚಕ್ಕುಲಿ ಕಡಿದರೆ ಟಾಕೀಸಿಗೆಲ್ಲ ಕೇಳುತ್ತಿತ್ತು. ಪಾಪ, ಬಾಯಲ್ಲಿ ನೆನೆಸಿ ನೆನೆಸಿ ನುಂಗಿದಳು. ವಿಶಾಲಮ್ಮನಿಗೂ ಆಕಳಿಕೆ ಬಾರದೆ ಇರಲಿಲ್ಲ. ಆದರೆ ಸೆರಗು ಅಡ್ಡ ಹಿಡಿದು ತಡೆದಳು. ಅಷ್ಟು ದೇಶದವರು ಮೆಚ್ಚಿದ ಕೊನೆ ಮುಂದೆ ಇರುವಾಗ ಒಂದು ನೊಣಕ್ಕೆ ಹೆದರುವುದೇ?

ಹೊರಗೆ ಬಿಸಿಲು ವಾಲಿದ್ದು ಒಳಗೆ ಕೂತವರಿಗೆ ಕಾಣುವುದಿಲ್ಲ. ಆದರೂ ಹೇಗೋ ಏನೋ, ಹಿಂದೆ ರಾಮಚಂದ್ರಪ್ಪ ತಿವಿಯುತ್ತಿದ್ದ ಗಳಿಗೆ ಬಂದ ಕೂಡಲೇ ವಿಶಾಲಮ್ಮ ಸೆರಗು ಸಿಕ್ಕಿಸಿ ಎದ್ದು ನಿಂತೇಬಿಟ್ಟಳು. ಅವಳ ಪಕ್ಕದಲ್ಲಿ ಬೆಳ್ಳಮ್ಮನೂ ಚೀಲ ಹಿಡಿದು ಎದ್ದಿದ್ದಳು.

"ಕೂತ್ಕೊಳ್ರೀ!" ಎಂದಿತು ಹಿಂದಿನಿಂದ ಒಂದು ದನಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. "ಎಲ್ಲಿಗೆ ಹೊರಟ್ವೇ?" ಎಂದಳು ವಿಶಾಲಮ್ಮ. "ಲಾಂಚಿಗೆ!" ಎಂದಳು ಬೆಳ್ಳಮ್ಮ. ನಗು ತಡೆಯಲಾರದೆ ಇಬ್ಬರೂ ಕುಸಿದು ಕೂತರು. ಸೌಜನ್ಯ ಹಣೆ ಚಚ್ಚಿಕೊಂಡಳು.

ಅಲ್ಲಿಂದ ಮುಂದಿನದು ವಿಶಾಲಮ್ಮ ಎಂದೂ ಕಾಣದ ಸೀಮೆ. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಪರದೆಯ ಮೇಲೂ ಸಂಜೆಯಾಯಿತು. ಅಕ್ಕ ತಟ್ಟೆ ಎರಡೂ ಇಟ್ಟಳು. ಆಗ ಬಾಗಿಲು ತಟ್ಟಿದ ಸದ್ದು. ಅಕ್ಕನ ಕೈ ನಿಂತಿತು. ಮತ್ತೆ ತಟ್ಟಿದರು. ಅಕ್ಕ ಎದ್ದಳು, ಕೈ ಒರೆಸಿಕೊಂಡಳು, ನಡುಮನೆ ದಾಟಿದಳು, ಜಗಲಿಗೆ ಬಂದಳು. ಈ ಸಲ ಅವಳ ನಿಧಾನ ವಿಶಾಲಮ್ಮನಿಗೆ ಬೇಸರ ತರಲಿಲ್ಲ. ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅಕ್ಕ ಚಿಲಕದ ಮೇಲೆ ಕೈ ಇಟ್ಟಳು.

ಪರದೆ ಕಪ್ಪಾಯಿತು.

"ಕರೆಂಟ್ ಹೋಯ್ತನ ಅಕ್ಕಾ?" ಎಂದಳು ಬೆಳ್ಳಮ್ಮ.

ಕಪ್ಪಿನ ಮೇಲೆ ಬಿಳಿ ಹೆಸರುಗಳು ಏರತೊಡಗಿದವು. ಲೈಟು ಹತ್ತಿತು. ಗಡ್ಡದ ಹುಡುಗನೊಬ್ಬನೇ ಚಪ್ಪಾಳೆ ತಟ್ಟಿ, ಜೊತೆಗೆ ಯಾರೂ ಇಲ್ಲವೆಂದು ಗೊತ್ತಾಗಿ ನಿಲ್ಲಿಸಿದ. ಉಳಿದವರು ಫೋನು ನೋಡುತ್ತ ಒಬ್ಬೊಬ್ಬರೇ ಎದ್ದುಹೋದರು. ವಿಶಾಲಮ್ಮ ಕೂತೇ ಇದ್ದಳು. ಎರಡನೇ ಇಂಟರ್ವಲ್ ಇರಬೇಕು ಎಂದುಕೊಂಡಳು. ಪೊರಕೆ ಹಿಡಿದು ಬಂದವನನ್ನು ಕೇಳಿದಳು, "ಮುಂದಿಂದು ಎಷ್ಟೊತ್ತಿಗೆ ಬಿಡ್ತೀರಪ್ಪಾ?"

"ಮುಂದಿಂದು ಎಂತದೂ ಇಲ್ಲ ಅಜ್ಜಿ. ಮುಗೀತು."

"ಕಡೇ ರೀಲು ಎಲ್ಲೋ ಉಳಿದದೆ ನೋಡು."

"ಈಗ ರೀಲೆಲ್ಲಿ ಅಜ್ಜಿ! ಇರೋದೇ ಅಷ್ಟು. ಬಂದೋರೆಲ್ಲ ನನ್ನೇ ಕೇಳ್ತಾರೆ, ನಾನೇ ಏನೋ ಬಾಗ್ಲು ಹಾಕಿಟ್ಟಂಗೆ."

ಹೊರಗೆ ಬಂದ ಮೇಲೆ ಸೌಜನ್ಯ ಕನ್ನಡಕ ಒರೆಸುತ್ತ ಮೆಲ್ಲಗೆ, "ಹೆಂಗಿತ್ತಜ್ಜಿ?" ಎಂದಳು. ಅವಳಿಗೆ ಪಿಚ್ಚರು ಮನಸ್ಸಿಗೆ ನಾಟಿತ್ತು.

"ಎಂತ ಹೆಂಗಿತ್ತು? ಬಾಗ್ಲೇ ತೆಗೀಲಿಲ್ಲವಲ್ಲೇ!"

"ಅದೇ ಅಜ್ಜಿ ಅದರ ಚಂದ. ಕೊನೆಯನ್ನ ನಮಗೇ ಬಿಟ್ಟಿದಾರೆ. ನಾವೇ ಕಲ್ಪಿಸ್ಕೋಬೇಕು."

ವಿಶಾಲಮ್ಮ ರಸ್ತೆಯ ನಡುವೆ ನಿಂತುಬಿಟ್ಟಳು. "ಅಯ್ಯೋ ನನ್ನ ಪುಟ್ಟೀ! ಈ ಜನ್ಮದಲ್ಲಿ ನಾನು ಮಾಡಿದ್ದೇ ಅದಲ್ಲನೇ? ನಿನ್ನಜ್ಜ, ನಾನು, ಲಾಂಚು ತುಂಬ ಜನ, ಎಲ್ರೂ ಕೊನೆ ಮಾಡಿ ಮಾಡಿ ಸುಸ್ತಾಗಿ, ಒಂದಾದ್ರೂ ಅವ್ರೇ ಮಾಡಿ ಕೊಡ್ಲಿ ಅಂತ ಸೀರೆ ಉಟ್ಕಂಡು ಬಂದ್ರೆ, ಮತ್ತೆ ನನ್ನ ಕೈಗೇ ಕೊಟ್ಟು ಕಳಿಸ್ತಾರಲ್ಲ!"

ಬೆಳ್ಳಮ್ಮ, "ಭಾವ ತಿವಿದಿದ್ರೆ ಆ ಅಕ್ಕಿ ಆರ್‍ಸೋದ್ರಲ್ಲೇ ಎದ್ದು ಬರ್ತಿದ್ವಿ, ಚಕ್ಕುಲಿ ಆದ್ರೂ ಗಟ್ಟಿಯಾಗಿ ತಿಂಬಕೆ ಆಗ್ತಿತ್ತು" ಎಂದಳು.

ಭಾನುವಾರ ಊರಲ್ಲಿರಲೆಂದು ಸೌಜನ್ಯಳೂ ಜೊತೆಗೆ ಹೊರಟಳು. ಬಸ್ಸಿನಲ್ಲಿ ವಿಶಾಲಮ್ಮ ಕಿಟಕಿಯ ಹೊರಗೆ ನೋಡುತ್ತ ಕೂತಳು. ಪಿಚ್ಚರು ಚೆನ್ನಾಗಿಲ್ಲ ಎನ್ನುವುದಲ್ಲ ಅವಳ ಬೇಸರ. ಲೈಟು ಹತ್ತಿತು, ನಿಜ. ಆದರೆ ಯಾರೂ ಒಟ್ಟಿಗೆ ಏಳಲಿಲ್ಲ. ಯಾರೂ ಯಾರಿಂದಲೂ ಮುಖ ತಿರುಗಿಸಲಿಲ್ಲ. ಗಂಡ ಹೇಳಿದ್ದ ಆ ಗಳಿಗೆ ಇನ್ನೆಲ್ಲೂ ಇಲ್ಲವೇನೋ, ಅವನೇ ಸುಮ್ಮನೆ ಕಟ್ಟಿ ಹೇಳಿದ್ದನೇನೋ.

ಕಂಡಕ್ಟರು ವಿನೋದ್ ಟಿಕೆಟ್ಟು ಕೊಡುತ್ತ ಬಂದ. ಮೊನ್ನೆ ಮೊನ್ನೆಯವರೆಗೆ ಲಾಂಚಿನ ಮೇಲೆ ಹಗ್ಗ ಎಸೆಯುತ್ತಿದ್ದ ಹುಡುಗ. ಸೇತುವೆ ಆದ ಮೇಲೆ ಬಸ್ಸಿಗೆ ಬಂದಿದ್ದ. ಅವಳ ಸೀರೆ, ಹೂವು ನೋಡಿ, "ಎಂತ ಅಜ್ಜಿ, ಮದುವೆ ಊಟನ?" ಎಂದ.

"ಮದುವೆ ಅಲ್ಲ ಮಾರಾಯ, ಪಿಚ್ಚರು" ಎಂದಳು ಬೆಳ್ಳಮ್ಮ. "ಕೊನೆ ನೋಡಾಕೆ ಹೋಗಿದ್ವಿ. ಕೊನೆ ಒಂದು ಬಿಟ್ಟು ಬಾಕಿ ಎಲ್ಲ ತೋರಿಸಿ ಕಳಿಸಿದ್ರು."

"ಎಲ್ಲಿಗೆ ನಿಂತದೆ?" ಎಂದು ವಿನೋದ್ ಕೇಳಿದ. ಲಾಂಚಿನ ಮೇಲೆ ಕೇಳುತ್ತಿದ್ದ ಮಾತೇ ಅದು, ಅದೇ ಧಾಟಿ.

ವಿಶಾಲಮ್ಮ ಕಿಟಕಿಯಿಂದ ಮುಖ ತಿರುಗಿಸಿದಳು. ಹೇಳಬಾರದು ಎಂದುಕೊಂಡಿದ್ದಳು. ಆದರೆ ಎಲ್ಲಿಗೆ ನಿಂತಿದೆ ಎಂದು ಒಬ್ಬರು ಕೇಳಿದ ಮೇಲೆ ಹೇಳದೆ ಇರುವುದು ಹೇಗೆ? ಅಕ್ಕನನ್ನು ಹೇಳಿದಳು, ತಮ್ಮನನ್ನು ಹೇಳಿದಳು, ಎರಡು ತಟ್ಟೆ ಹೇಳಿದಳು. ಅಕ್ಕಿ ಆರಿಸುವುದನ್ನು ಕೈಯಲ್ಲೇ ಮಾಡಿ ತೋರಿಸಿದಳು; ಹಸುವಿನ ಕಿವಿಗೆ ಬೆಳ್ಳಮ್ಮನ ಕಿವಿ ಹಿಡಿದಳು. ಹಿಂದಿನ ಸೀಟಿನವರು ಮುಂದೆ ಬಗ್ಗಿದರು. ನಿಂತಿದ್ದವರು ಹತ್ತಿರ ಸರಿದರು. "ಅಷ್ಟೊತ್ತಿಗೆ ಬಾಗ್ಲು ಟಕ್ ಟಕ್ ಅಂತು" ಎಂದು ಅವಳು ಸೀಟಿನ ಕಬ್ಬಿಣಕ್ಕೆ ಬೆರಳಿನಿಂದ ಬಡಿದಳು.

"ಯಾರು?" ಎಂದರು ನಾಲ್ಕು ಜನ ಒಟ್ಟಿಗೆ.

"ಅದನ್ನೇ ತೋರ್‍ಸಲಿಲ್ಲ."

"ಥತ್! ಮೀಟರ್ ನೋಡಾಕೆ ಬಂದ ಕರೆಂಟಿನವ" ಎಂದ ಗೊಬ್ಬರದ ಚೀಲದ ಮೇಲೆ ಕೂತಿದ್ದ ಒಬ್ಬ.

"ಸಂಜೆ ಹೊತ್ತಲ್ಲಿ ಮೀಟರ್ ನೋಡಾಕೆ ಯಾವ ಮಹಾರಾಯ ಬರ್ತಾನೆ? ತಮ್ಮನೇ. ಸಮಾ ಕುಡ್ಕಂಡು ಬಂದಿರ್ತಾನೆ" ಎಂದ ವಿನೋದ್.

ಮಗು ಎತ್ತಿಕೊಂಡು ನಿಂತಿದ್ದ ಹೆಂಗಸು ಮೆಲ್ಲಗೆ, "ತಮ್ಮನ ಹೆಂಡ್ತಿ ಇರಬೌದು. ಮಗೀನ ಕರ್ಕಂಡು ಬಂದಿರಬೌದು, ಅತ್ತೇನ ನೋಡ್ಲಿ ಅಂತ" ಎಂದಳು. "ಛೆ, ಛೆ, ತಮ್ಮ ಸತ್ತ ಸುದ್ದಿ ತಂದಿದಾರೆ ಹಂಗಾದ್ರೆ" ಎಂದರು ಇನ್ಯಾರೋ. ಅದಕ್ಕೆ ಎರಡು ಸೀಟಿನವರು ಜಗಳಕ್ಕೇ ನಿಂತರು. ಬೆಳ್ಳಮ್ಮ, "ಮೊಸರಿಗೆ ಹೆಪ್ಪು ಕೇಳಾಕೆ ಬಂದ ಪಕ್ಕದ ಮನೆಯೋಳು. ನಾ ದಿನಾ ಹೋಗಾದಿಲ್ವಾ?" ಎಂದು ತನ್ನನ್ನೇ ತಂದು ಬಾಗಿಲಲ್ಲಿ ನಿಲ್ಲಿಸಿದಳು. ಸೌಜನ್ಯ ನಕ್ಕು ನಕ್ಕು ಅಜ್ಜಿಯ ಹೆಗಲಿಗೆ ಬಿದ್ದಳು.

ಬಸ್ಸು ಸೇತುವೆಗೆ ಹತ್ತಿತು. ಎರಡೂ ಬದಿ ನೀರು ಕೆಂಪಾಗಿತ್ತು. ಲಾಂಚು ನಿಲ್ಲುತ್ತಿದ್ದ ಜಾಗ ಕೆಳಗೆ ಸರಿದುಹೋಯಿತು.

"ದಡ ಬಂತು, ದಡ ಬಂತು, ಬೇಗ ಹೇಳ್ರಿ!" ಎಂದು ವಿನೋದ್ ಹಳೆಯ ರೂಢಿಯಲ್ಲಿ ಕೂಗಿದ. ಕೂಗಿ ಮುಗಿಯುವುದರೊಳಗೆ ಸೇತುವೆಯೇ ಮುಗಿಯಿತು.

"ಇದೆಂತ ಹಾಳು ಸೇತುವೆ! ಒಂದು ಕಥೆ ಮುಗಿಸಾಕೂ ಬಿಡಾದಿಲ್ಲ" ಎಂದ ಗೊಬ್ಬರದ ಚೀಲದವನು.

"ತುಮರಿವರೆಗೆ ಟೈಮು" ಎಂದು ವಿನೋದ್ ತೀರ್ಪು ಕೊಟ್ಟ. ವಾದ ಇನ್ನೂ ಏರಿತು. ತುಮರಿ ಬಂತು. ಹೆಚ್ಚಿನವರು ಇಳಿಯುವುದು ಅಲ್ಲೇ. ಬಸ್ಸು ನಿಂತಿತು. ವಿನೋದ್ ಬಾಗಿಲಿಗೆ ಅಡ್ಡ ನಿಂತು ಹಿಡಿಕೆಯ ಮೇಲೆ ಕೈಯಿಟ್ಟ, ತೆಗೆಯಲಿಲ್ಲ.

"ಅಜ್ಜೀ, ಮೊದ್ಲು ನೀನು ಆ ಬಾಗ್ಲು ತೆಗಿ. ಆಮೇಲೆ ನಾನು ಈ ಬಾಗ್ಲು ತೆಗೀತೀನಿ."

ಬಸ್ಸೆಲ್ಲ ಅವಳ ಕಡೆ ತಿರುಗಿತು. ವಿಶಾಲಮ್ಮನಿಗೆ ಮೊದಲು ಬಾಯಿಗೆ ಬಂದದ್ದು ಹಳೆಯ ಮಾತೇ: ತಮ್ಮ ಸತ್ತಿದ್ದಾನೆ. ಒಬ್ಬರಾದರೂ ಸಾಯಬೇಕು. ಹೇಳಿ ಒಂದು ಗಳಿಗೆ ಕಾಯುವುದು, ಪಕ್ಕದಿಂದ ಒಂದು ದನಿ ಅದನ್ನು ತಿದ್ದುವುದು, ಇದಲ್ಲವೇ ಕ್ರಮ? ಅವಳು ಅಭ್ಯಾಸದಂತೆ ಪಕ್ಕಕ್ಕೆ ನೋಡಿದಳು. ಪಕ್ಕದಲ್ಲಿ ಸೌಜನ್ಯ ಇದ್ದಳು, ಕಣ್ಣರಳಿಸಿಕೊಂಡು. ತಾನು ಇಷ್ಟು ವರ್ಷ ಯಾವ ಧೈರ್ಯದ ಮೇಲೆ ಆ ಜನರನ್ನೆಲ್ಲ ಸಾಯಿಸುತ್ತಿದ್ದೆ ಎಂದು ಅವಳಿಗೆ ಆಗ ಹೊಳೆಯಿತು. ಬದುಕಿಸಲು ಒಬ್ಬನಿದ್ದ.

"ತಮ್ಮನೇ" ಎಂದಳು ವಿಶಾಲಮ್ಮ. "ತಮ್ಮನೇ ಬಂದಿದಾನೆ. ಸೇರ್ತಾರೆ ಬಿಡ್ರೇ."

ಬೆಳ್ಳಮ್ಮ ಗಕ್ಕನೆ ತಿರುಗಿದಳು. "ಅಕ್ಕಾ! ಇದು ಭಾವನ ಮಾತಲ್ಲನ?"

"ಹ್ಞೂಂ. ಹೇಳಾಕೆ ಯಾರಾದ್ರೂ ಬೇಕಲ್ಲ."

"ತಬ್ಕಂಡು ಅಳ್ತಾರಾ ಅಜ್ಜಿ?" ಎಂದಳು ಮಗು ಎತ್ತಿಕೊಂಡವಳು.

"ಎಂತಕ್ಕೆ ಅಳಾದು? ಅಕ್ಕ ಅವನ್ನ ಮೇಲಿಂದ ಕೆಳಗೆ ನೋಡ್ತಾಳೆ. ಅವ ತಲೆ ಬಗ್ಗಿಸ್ಕಂಡು ನಿಂತಿರ್ತಾನೆ. 'ಚಪ್ಲಿ ಅಲ್ಲೇ ಬಿಡು, ಈಗಷ್ಟೇ ನೆಲ ಸಾರ್‍ಸಿದೀನಿ. ಕೈಕಾಲು ತೊಳ್ಕಂಡು ಬಾ, ಅನ್ನ ಆರ್ತದೆ' ಅಂತಾಳೆ. ಅಷ್ಟೇ. ಅವ ಉಣ್ತಾನೆ. ಇವತ್ತು ಎರಡ್ನೇ ತಟ್ಟೆ ಅವನೇ ತೊಳೀತಾನೆ."

ವಿನೋದ್ ಬಾಗಿಲು ತೆಗೆದ. ಡ್ರೈವರು ಒಳಗಿನ ಲೈಟು ಹಾಕಿದ, ಪಟ್ ಅಂತ. ಎಲ್ಲರೂ ಒಟ್ಟಿಗೇ ಎದ್ದರು. ಮಗು ಎತ್ತಿಕೊಂಡವಳು ಮಗುವಿನ ತಲೆಗೆ ಮುಖ ಒತ್ತಿದ್ದಳು. ಗೊಬ್ಬರದ ಚೀಲದವನು ಚೀಲ ಹೆಗಲಿಗೇರಿಸಿ ಆ ಕಡೆ ತಿರುಗಿದ. ಸೌಜನ್ಯ ಮತ್ತೆ ಕನ್ನಡಕ ತೆಗೆದಿದ್ದಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸುಮ್ಮನೆ ಒಬ್ಬರ ಹಿಂದೆ ಒಬ್ಬರು ಇಳಿದರು.

ವಿಶಾಲಮ್ಮ ಸೀಟಿನಿಂದ ಏಳದೆ ಇದನ್ನೆಲ್ಲ ನೋಡುತ್ತಿದ್ದಳು. ಪೂರ್ತಿ ನೋಡಿದಳು.

"ಏಳಕ್ಕಾ, ಮುಗೀತಲ್ಲ" ಎಂದು ಬೆಳ್ಳಮ್ಮ ಪಕ್ಕೆಗೆ ತಿವಿದಳು. ಆಮೇಲೆ ಚೀಲಕ್ಕೆ ಕೈ ಹಾಕಿ ಉಳಿದಿದ್ದ ಚಕ್ಕುಲಿ ತೆಗೆದು, ಬಸ್ಸಿಗೆಲ್ಲ ಕೇಳುವ ಹಾಗೆ ಕಟುಂ ಎಂದು ಕಡಿದಳು.